ಅಪ್ಪನ ಗಾಡಿ ಸೀಟಿಗೆ ನಾನು ಹಚ್ಚಿದ ಕೊಬ್ಬರಿ ಎಣ್ಣೆ

ಅಜ್ಜಿಯ ಮೊಣಕೈಯಿಂದ ರಕ್ತ ಬರುತ್ತಿದ್ದುದನ್ನು ಮೊದಲು ನೋಡಿದ್ದು ನಾನು.

ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ಊರಿಗೆ ವಾಪಸ್ ಬರುತ್ತಿದ್ದೆವು. ಗಾಡಿ ಓಡಿಸುತ್ತಿದ್ದವರು ಅಪ್ಪ. ನಡುವಿನ ಸೀಟಿನಲ್ಲಿ ಅಜ್ಜಿ, ಅವರ ಮಗ, ನಾನು. ಅಜ್ಜಿ ನಮ್ಮ ಸಂಬಂಧಿಕರಲ್ಲ, ನಮ್ಮ ಕೇರಿಯವರು. ವಾರಕ್ಕೆ ಎರಡು ಸಲ ಅವರನ್ನು ಕರೆದೊಯ್ಯುವುದು, ಕರೆತರುವುದು ಅಪ್ಪನ ಕಾಯಂ ಬಾಡಿಗೆ. ಅವತ್ತು ನನಗೂ ಪೇಟೆಯಲ್ಲಿ ಕೆಲಸವಿತ್ತು, ಜೊತೆಗೆ ಹೋಗಿದ್ದೆ.

ಮನೆ ಮುಂದೆ ಗಾಡಿ ನಿಂತಿತು. ಅಜ್ಜಿ ಸೀಟಿನ ಅಂಚಿಗೆ ಕೈ ಊರಿ, ಮುಂದಕ್ಕೆ ಜರುಗಿ ಇಳಿಯಲು ನೋಡಿದರು. "ಸ್ಸ್" ಅಂದರು, ಅಷ್ಟೇ. ನೋಡಿದರೆ ಮೊಣಕೈ ಕೆಳಗೆ ಎರಡು ಇಂಚಿನಷ್ಟು ಗೀರು. ಪುಣ್ಯಕ್ಕೆ ಡಯಾಲಿಸಿಸ್ ಸೂಜಿ ಚುಚ್ಚುವ ಕೈ ಅದಲ್ಲ. ಸಣ್ಣ ಗೀರು ತಾನೇ, ನಿಲ್ಲುತ್ತೆ ಅಂದುಕೊಂಡೆವು. ನಿಲ್ಲಲಿಲ್ಲ. ನನ್ನ ದುಪಟ್ಟಾದ ತುದಿ ಒದ್ದೆಯಾಯಿತು.

ಅಜ್ಜಿಯ ಮಗ ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿದ. ಡಯಾಲಿಸಿಸ್ ಮಾಡುವಾಗ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಎಂಬ ಔಷಧಿ ಕೊಟ್ಟಿರುತ್ತಾರಂತೆ, ಅದಕ್ಕೇ ಬೇಗ ನಿಲ್ಲುತ್ತಿಲ್ಲ. ಶುಭ್ರ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ, ಆಗಲೂ ನಿಲ್ಲದಿದ್ದರೆ ತಡಮಾಡದೆ ವಾಪಸ್ ಬನ್ನಿ ಅಂದರು. ಒತ್ತಿ ಹಿಡಿದೆವು. ಇಪ್ಪತ್ತು ನಿಮಿಷ ಬೇಕಾಯಿತು.

"ಏನಾಗಲ್ಲ ಬಿಡವ್ವ" ಅಂದರು ಅಜ್ಜಿ. ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ಮೊಬೈಲ್ ಟಾರ್ಚ್ ಹಾಕಿಕೊಂಡು ಗಾಡಿ ಹತ್ತಿರ ಹೋದರು. ನಾನೂ ಹಿಂದೆ ಹೋದೆ.

ನಡುವಿನ ಸೀಟಿನ ಬಾಗಿಲ ಕಡೆಯ ಅಂಚಿನಲ್ಲಿ, ಹೊಲಿಗೆಯ ಉದ್ದಕ್ಕೂ ರೆಕ್ಸಿನ್ ಸೀಳಿತ್ತು. ಸೀಳಿದ ತುದಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ಮುಟ್ಟಿದರೆ ತಗಡು ಮುಟ್ಟಿದ ಹಾಗೆ. ಒಂದು ಕಾಲದಲ್ಲಿ ಬೆರಳಿಟ್ಟರೆ ಮೆತ್ತಗೆ ಒಳಕ್ಕೆ ಹೋಗುತ್ತಿದ್ದ ಸೀಟು ಅದು.

"ಮೂರು ವರ್ಷಕ್ಕೇ ಹಿಂಗಾಯ್ತಲ್ಲ" ಅಂದರು ಅಪ್ಪ.

ಮುಂದಿನ ವಾರ ಅಜ್ಜಿಯ ಮಗ ಬೇರೆ ಗಾಡಿಗೆ ಹೇಳಿದ. ಜಗಳ ಇಲ್ಲ, ಮಾತು ಇಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಆ ಬಾಡಿಗೆಯ ಮೇಲೆ ನಮ್ಮ ಗಾಡಿ ಸಾಲದ ಅರ್ಧ ಕಂತು ನಿಂತಿತ್ತು.

ಈಗ ಕೊಬ್ಬರಿ ಎಣ್ಣೆಯ ವಿಷಯಕ್ಕೆ ಬರುತ್ತೇನೆ.

ಅಪ್ಪ ಗಾಡಿ ತಗೊಂಡಿದ್ದು ಸೆಕೆಂಡ್ ಹ್ಯಾಂಡ್. ಅಕ್ಕನ ಮದುವೆಗೆ ಎರಡು ತಿಂಗಳ ಮೊದಲು ಎಲ್ಲ ಸೀಟಿಗೂ ಹೊಸ ಕವರ್ ಹೊಲಿಸಿದ್ದರು. ಕಾಫಿ ಬಣ್ಣದ ರೆಕ್ಸಿನ್, ಬಿಳಿ ದಾರದ ಹೊಲಿಗೆ. ಮದುವೆ ಹಿಂದಿನ ದಿನ ಗಾಡಿ ತೊಳೆಯುವ ಕೆಲಸ ನನ್ನದು. ಸೀಟು ಒರೆಸಿದ ಮೇಲೆ ಯಾಕೋ ಮಂಕಾಗಿ ಕಂಡಿತು. ಒಳಗಿಂದ ಕೊಬ್ಬರಿ ಎಣ್ಣೆ ತಂದು, ಹಳೇ ಬನೀನಿನ ತುಂಡಿಗೆ ಹಾಕಿ ಉಜ್ಜಿದೆ. ಎಂಥ ಹೊಳಪು ಅಂತೀರಿ! ಬೀಗರು ಕೂಡ "ಗಾಡಿ ಹೊಸದಾ?" ಅಂತ ಕೇಳಿದರು.

ಈ ಬುದ್ಧಿ ನನಗೆ ಬಂದಿದ್ದು ತಾತನಿಂದ. ತಾತ ತನ್ನ ಚರ್ಮದ ಮೆಟ್ಟಿಗೆ ಹರಳೆಣ್ಣೆ ಹಚ್ಚಿ ನೆರಳಲ್ಲಿ ಇಡುತ್ತಿದ್ದರು. ಬಿರುಕು ಬಿಡಲ್ಲ ಮಗಾ, ಮೆತ್ತಗಿರುತ್ತೆ ಅನ್ನುತ್ತಿದ್ದರು. ಮೆಟ್ಟಿಗೆ ಆಗುವುದು ಸೀಟಿಗೆ ಯಾಕೆ ಆಗಬಾರದು? ಅವತ್ತಿನಿಂದ ತಿಂಗಳಿಗೊಮ್ಮೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಯಿತು. ಕಾಲೇಜಿನಿಂದ ರಜೆಗೆ ಬಂದಾಗ ತಪ್ಪದೆ ಹಚ್ಚುತ್ತಿದ್ದೆ. ಅಪ್ಪನಿಗೆ ಮಗಳು ಗಾಡಿ ನೋಡಿಕೊಳ್ಳುತ್ತಾಳೆ ಅನ್ನುವ ಹೆಮ್ಮೆ.

ಸೀಳಿದ ಸೀಟು ತೋರಿಸಲು ಪೇಟೆಯ ಕುಶನ್ ಅಂಗಡಿಗೆ ಹೋದೆವು. ಅಂಗಡಿಯವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುವುದು. ನಲವತ್ತು ವರ್ಷದಿಂದ ಗಾಡಿ ಸೀಟು ಹೊಲಿಯುತ್ತಿದ್ದಾರೆ. ಅವರು ಸೀಳಿನ ಅಂಚನ್ನು ಹೆಬ್ಬೆರಳಲ್ಲಿ ಮಡಚಿದರು. ಪಟ್ ಅಂತ ಮುರಿಯಿತು. ಮೂಸಿ ನೋಡಿದರು.

"ಎಣ್ಣೆ ಹಚ್ಚಿದ್ದು ಯಾರು?"

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ನಿನ್ನ ಒಬ್ಬಳದ್ದೇ ತಪ್ಪಲ್ಲಮ್ಮ" ಅಂದರು ಭಾಯ್. "ಬಿಸಿಲು ಅರ್ಧ ತಿಂದೈತೆ. ನಿನ್ನ ಎಣ್ಣೆ ಒಂದಿಷ್ಟು. ಈರುಳ್ಳಿ ಚೀಲ ಹೇರಿದ್ದೀರಲ್ಲ, ಅದು ಇನ್ನೊಂದಿಷ್ಟು. ಒಳಗಿನ ಸ್ಪಂಜು ಕೂತೋಗೈತೆ, ಅದನ್ನ ನೀವು ನೋಡೇ ಇಲ್ಲ."

ಪತ್ರಿಕೋದ್ಯಮ ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ ಅನ್ನುವುದು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಮನೆಗೆ ಹೋದೆ. ಮುರಿದ ರೆಕ್ಸಿನ್ ತುಂಡು ಕೈಯಲ್ಲೇ ಇತ್ತು.

ಮೇಷ್ಟ್ರು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಿದ್ದಿದ್ದ ಒಂದು ಪಿವಿಸಿ ಪೈಪಿನ ತುಂಡು ತೋರಿಸಿದರು. ತೋಟಕ್ಕೆ ನೀರು ಹಾಯಿಸಲು ನಾವೆಲ್ಲ ಹಾಕುತ್ತೇವಲ್ಲ, ಅದೇ ಗಟ್ಟಿ ಪೈಪು. "ನಿಮ್ಮ ರೆಕ್ಸಿನ್ ಮೇಲಿರೋದೂ ಇದೇ ಪದಾರ್ಥ" ಅಂದರು.

ನಂಬಲಾಗಲಿಲ್ಲ. ಅವರು ವಿವರಿಸಿದ್ದು ಹೀಗೆ. ನಾವು ರೆಕ್ಸಿನ್ ಅನ್ನುವುದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟ ವಸ್ತು. ಆ ಹೆಸರು ಬಂದಿದ್ದು ಇಂಗ್ಲೆಂಡಿನ ಒಂದು ಕಂಪನಿಯಿಂದ. ಫೋಟೊ ಕಾಪಿಗೆ ನಾವೆಲ್ಲ ಜೆರಾಕ್ಸ್ ಅನ್ನುತ್ತೇವಲ್ಲ, ಹಾಗೆ ಈಗ ಎಲ್ಲ ನಕಲಿ ಚರ್ಮಕ್ಕೂ ಅದೇ ಹೆಸರು. ಇವತ್ತು ಗಾಡಿ ಸೀಟಿಗೆ ಬರುವ ರೆಕ್ಸಿನ್‌ನಲ್ಲಿ ಹೆಚ್ಚಿನದು ಪಿವಿಸಿ ಲೇಪದ್ದು. ಪಿವಿಸಿ ತಾನಾಗಿ ಗಡುಸು. ಅದನ್ನು ಮೆತ್ತಗೆ ಮಾಡಲು ಕಾರ್ಖಾನೆಯಲ್ಲಿ ಎಣ್ಣೆಯಂಥ ಒಂದು ದ್ರವ ಬೆರೆಸುತ್ತಾರೆ. ಪ್ಲಾಸ್ಟಿಸೈಜರ್ ಅಂತ ಅದರ ಹೆಸರು. ಲೇಪದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇದೇ ಇರುವುದೂ ಉಂಟು. ಅದು ಇರುವ ತನಕ ಸೀಟು ಮೆತ್ತಗೆ. ಅದು ಹೋದಂತೆಲ್ಲ ರೆಕ್ಸಿನ್ ತನ್ನ ಮೂಲ ಗುಣಕ್ಕೆ, ಅಂದರೆ ಪೈಪಿನ ಗುಣಕ್ಕೆ, ಮರಳುತ್ತದೆ. ನೀರು ಬಿಡುವ ಮೆತ್ತನೆಯ ಪೈಪು ಹಳೆಯದಾದಂತೆ ಗಡುಸಾಗಿ, ಮಡಚಿದ ಕಡೆಯೇ ಸೀಳುವುದನ್ನು ನೀವೂ ನೋಡಿರುತ್ತೀರಿ. ಸೀಟಿಗೆ ಆಗುವುದೂ ಅದೇ.

ಹೋಗುವುದು ಹೇಗೆ? ಒಂದು, ಬಿಸಿಗೆ. ಹೊರಗೆ 38, 40 ಡಿಗ್ರಿ ಬಿಸಿಲಿದ್ದು ಗಾಡಿಯ ಗಾಜು ಏರಿಸಿ ನಿಲ್ಲಿಸಿದರೆ, ಒಳಗಿನ ಗಾಳಿಯೇ 50 ಡಿಗ್ರಿ ದಾಟುತ್ತದೆ. ನೇರ ಬಿಸಿಲು ಬೀಳುವ ಸೀಟಿನ ಮೈ ಅದಕ್ಕಿಂತ ಬಿಸಿ. ಆ ಶಾಖಕ್ಕೆ ಮೆದು ಮಾಡುವ ದ್ರವ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಎಣ್ಣೆ ಜಿಡ್ಡಿನಂಥ ಮಸುಕು ಕೂರುತ್ತದಲ್ಲ, ಅದರಲ್ಲಿ ಈ ದ್ರವದ ಪಾಲೂ ಇರುತ್ತದೆ. ಎರಡು, ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕನ್ನೇ ಸಡಿಲ ಮಾಡುತ್ತವೆ. ಮೂರನೆಯದು ನನ್ನ ಎಣ್ಣೆ.

"ಎಣ್ಣೆ ಎಣ್ಣೆಯನ್ನ ಕರೀತದೆ" ಅಂದರು ಮೇಷ್ಟ್ರು. ಚರ್ಮಕ್ಕೆ ಎಣ್ಣೆ ಹೀರಿಕೊಳ್ಳುವ ಗುಣ ಇದೆ, ತಾತ ಮಾಡಿದ್ದು ಸರಿ. ರೆಕ್ಸಿನ್ ಚರ್ಮ ಅಲ್ಲ. ಅದರ ಮೇಲೆ ಹಚ್ಚಿದ ಕೊಬ್ಬರಿ ಎಣ್ಣೆ ಒಳಗೆ ಹೋಗಿ ಮೆತ್ತಗೆ ಮಾಡುವುದಿಲ್ಲ. ಬದಲಿಗೆ ಒಳಗಿರುವ ಮೆದು ದ್ರವವನ್ನೇ ಹೊರಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ಸೀಟು ಒರೆಸಿದಾಗ ಎರಡೂ ಸೇರಿ ಬಟ್ಟೆಗೆ ಬರುತ್ತವೆ. ಜೊತೆಗೆ ಜಿಡ್ಡಿನ ಮೇಲೆ ಧೂಳು ಅಂಟುತ್ತದೆ. ನಮ್ಮ ಬಯಲುಸೀಮೆ ಧೂಳಿನಲ್ಲಿ ಸಣ್ಣ ಮರಳೂ ಇರುತ್ತದೆ. ಜನ ಕೂತು ಏಳುವಾಗಲೆಲ್ಲ ಮರಳು ಕಾಗದ ಉಜ್ಜಿದಂತೆ.

"ಅನುಮಾನ ಇದ್ರೆ ಹೋಗಿ ತಲೆ ಒರಗೋ ಜಾಗ ನೋಡು" ಅಂದರು. ಮನೆಗೆ ಬಂದವಳೇ ನೋಡಿದೆ. ಅಪ್ಪನ ಸೀಟಿನಲ್ಲಿ, ತಲೆಗೂದಲ ಎಣ್ಣೆ ತಗಲುವ ಅಂಗೈಯಗಲದ ಜಾಗ ಕಪ್ಪಾಗಿ, ಗಡುಸಾಗಿ, ಸಣ್ಣ ಸಣ್ಣ ಗೆರೆ ಬಿಟ್ಟಿತ್ತು. ಅದರ ಪಕ್ಕದಲ್ಲೇ, ತಲೆ ತಗಲದ ಜಾಗ, ಇನ್ನೂ ಮೆತ್ತಗಿತ್ತು. ನಾನು ಮೂರು ವರ್ಷ ಇಡೀ ಗಾಡಿಗೆ ಮಾಡಿದ್ದು ಇದನ್ನೇ.

ಆಮೇಲೆ ಭಾಯ್ ಹತ್ತಿರ ಮತ್ತೆ ಹೋಗಿ, ಈ ಸಲ ನೋಟ್‌ಬುಕ್ ಹಿಡಿದು ಕೂತೆ. ಅವರು ಹೇಳಿದ್ದರಲ್ಲಿ ನಾವು ಈಗ ಮನೆಯಲ್ಲಿ ಪಾಲಿಸುತ್ತಿರುವುದನ್ನು ಬರೆಯುತ್ತೇನೆ. ಇದರಲ್ಲಿ ದುಡ್ಡು ಖರ್ಚಾಗುವುದು ಕಡಿಮೆ.

ಮೊದಲನೆಯದು ನೆರಳು. ಗಾಡಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೇವೆ. ಮರ ಸಿಗದ ಕಡೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೋ ಆ ಕಡೆಯ ಸೀಟಿನ ಮೇಲೆ ಹಳೇ ಬಿಳಿ ಪಂಚೆ ಹೊದಿಸುತ್ತೇವೆ. ಗಾಜನ್ನು ಒಂದು ಬೆರಳಷ್ಟು ಇಳಿಸಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ.

ಎರಡನೆಯದು ಬಟ್ಟೆ. ಅಪ್ಪನ ಸೀಟಿಗೂ ತಲೆ ಒರಗುವ ಜಾಗಕ್ಕೂ ಹತ್ತಿಯ ಟವೆಲ್ ಹಾಸಿದ್ದೇವೆ. ಬೆವರು, ತಲೆ ಎಣ್ಣೆ ಎರಡನ್ನೂ ಅದು ಕುಡಿಯುತ್ತದೆ. ವಾರಕ್ಕೊಮ್ಮೆ ಒಗೆದರೆ ಆಯಿತು. ಹೊಸ ಗಾಡಿ ತಗೊಂಡವರು ಕಂಪನಿಯ ಪ್ಲಾಸ್ಟಿಕ್ ಹಾಳೆ ತೆಗೆಯದೆ ವರ್ಷಗಟ್ಟಲೆ ಹಾಗೇ ಬಿಡುತ್ತಾರಲ್ಲ, ಅದನ್ನು ಮಾತ್ರ ಮಾಡಬೇಡಿ. ಹಾಳೆಯ ಕೆಳಗೆ ತೇವ ಸಿಕ್ಕಿಕೊಂಡು ಸೀಟು ಒಳಗೊಳಗೇ ಕೆಡುತ್ತದೆ.

ಮೂರನೆಯದು ಒರೆಸುವ ಕ್ರಮ. ಮೊದಲು ಒಣ ಬಟ್ಟೆಯಲ್ಲಿ ಧೂಳು ತೆಗೆಯಬೇಕು. ಅರ್ಧ ಬಕೆಟ್ ನೀರಿಗೆ ನಾಲ್ಕು ಹನಿ ಶಾಂಪೂ ಸಾಕು. ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸುವುದು. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಸೀಟಿಗೆ ನೇರ ನೀರು ಹೊಡೆಯಬಾರದು. ಹೊಲಿಗೆಯ ತೂತಿನಿಂದ ನೀರು ಸ್ಪಂಜಿಗೆ ಇಳಿದರೆ ದಿನಗಟ್ಟಲೆ ಒಣಗುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಯಾವುದೂ ಬೇಡ, ಅವು ಎಣ್ಣೆಗಿಂತ ಕೆಟ್ಟವು. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ. ಮಕ್ಕಳು ವಾಂತಿ ಮಾಡಿದರೆ ಊರು ಬಂದ ಮೇಲೆ ನೋಡಿಕೊಳ್ಳೋಣ ಅನ್ನದೆ ಅಲ್ಲೇ ಒರೆಸಿ. ಹೊಳಪು ಬೇಕೇ ಬೇಕು ಅನ್ನುವವರು ಅಂಗಡಿಯಲ್ಲಿ ನೀರಿನ ಆಧಾರದ, ಬಿಸಿಲು ತಡೆಯುವ ದ್ರಾವಣ ಕೇಳಿ. ಕೈಗೆ ಜಿಡ್ಡು ಹತ್ತುವ ಪಾಲಿಶ್ ತಗೋಬೇಡಿ.

ನಾಲ್ಕನೆಯದು ಉಜ್ಜಾಟ. ಡ್ರೈವರ್ ಸೀಟು ಮೊದಲು ಸೀಳುವುದು ಬಾಗಿಲ ಕಡೆಯ ಬಲ ಅಂಚಿನಲ್ಲಿ. ಯಾಕೆಂದರೆ ಇಳಿಯುವಾಗ ನಾವು ಮೈಭಾರ ಪೂರ್ತಿ ಆ ಅಂಚಿನ ಮೇಲೆ ಬಿಟ್ಟು ಜಾರುತ್ತೇವೆ. ದಿನಕ್ಕೆ ಮೂವತ್ತು ಸಲ ಹತ್ತಿ ಇಳಿದರೆ ವರ್ಷಕ್ಕೆ ಹತ್ತು ಸಾವಿರ ಸಲ ದಾಟುತ್ತದೆ. ಅಪ್ಪ ಈಗ ಮೇಲಿನ ಹಿಡಿ ಹಿಡಿದು ಮೈ ಎತ್ತಿ ಇಳಿಯುತ್ತಾರೆ. ಹಿಂದಿನ ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ಕೂರುವುದಿಲ್ಲ. ಸಂತೆ ದಿನ ಈರುಳ್ಳಿ ಚೀಲ ಹೇರುವುದಿದ್ದರೆ ಸೀಟು ಮಡಚಿ, ಮೇಲೆ ದಪ್ಪ ಜಮಖಾನ ಹಾಸಿ ಹೇರುತ್ತಾರೆ. ಕುಡುಗೋಲು, ಮಚ್ಚು ತರುವವರಿಗೆ ಅವನ್ನು ಗೋಣಿಯಲ್ಲಿ ಸುತ್ತಿ ಕಾಲ ಬಳಿ ಇಡಲು ಹೇಳುತ್ತಾರೆ.

ಐದನೆಯದು, ನಾವು ಯಾರೂ ಗಮನಿಸದೆ ಇದ್ದದ್ದು, ಒಳಗಿನ ಸ್ಪಂಜು. ಸ್ಪಂಜು ಕೂತುಹೋದರೆ ಮೇಲಿನ ರೆಕ್ಸಿನ್ ಒಂದು ಕಡೆ ಸಡಿಲವಾಗಿ ಸುಕ್ಕುಗಟ್ಟುತ್ತದೆ, ಇನ್ನೊಂದು ಕಡೆ ಹೊಲಿಗೆಯನ್ನು ಜಗ್ಗುತ್ತದೆ. ಸುಕ್ಕಿನ ಗೆರೆಯಲ್ಲೇ ಬಿರುಕು ಹುಟ್ಟುವುದು. ಕವರ್ ಹೊಲಿಸುವಾಗ ಕೂತುಹೋದ ಜಾಗಕ್ಕೆ ಒಂದು ತುಂಡು ಹೊಸ ಸ್ಪಂಜು ತುಂಬಿಸಿ ಅಂತ ಕೇಳಿ. ಹೊಲಿಗೆಯನ್ನು ತೀರ ಒತ್ತೊತ್ತಾಗಿ ಹಾಕಿಸಬೇಡಿ. ಅಂಚೆ ಚೀಟಿಯ ಅಂಚಿನ ತೂತುಗಳಿದ್ದಂತೆ, ಒತ್ತಾಗಿದ್ದಷ್ಟೂ ಸಲೀಸಾಗಿ ಹರಿಯುತ್ತದೆ. ದಾರವೂ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ, ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ.

ಇನ್ನೊಂದು ಮಾತು. ಪಿಯು ಲೆದರ್ ಅಂತ ಇನ್ನೊಂದು ಬಗೆ ಬರುತ್ತದೆ. ಮುಟ್ಟಲು ರೆಕ್ಸಿನ್‌ಗಿಂತ ನಯ, ನೋಡಲು ಚರ್ಮದ ಹಾಗೇ. ಇದರ ಮೇಲಿನದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪದರ. ಇದಕ್ಕೆ ದೊಡ್ಡ ಶತ್ರು ತೇವ. ಬೆವರು, ಗಾಳಿಯ ತೇವ, ಬಿಸಿ ಸೇರಿದರೆ ಆ ಪದರವೇ ಒಳಗಿಂದ ಒಡೆದು, ಸುಟ್ಟ ಚರ್ಮ ಸುಲಿದಂತೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಬೀರುವಿನಲ್ಲಿಟ್ಟ ಶೂ ವರ್ಷಗಳ ಮೇಲೆ ತೆಗೆದರೆ ಅಡಿಭಾಗ ಪುಡಿಪುಡಿಯಾಗುವುದೂ ಇದೇ ಕಾರಣಕ್ಕೆ. ಹಕ್ಕಳೆ ಏಳಲು ಶುರುವಾದ ಮೇಲೆ ಯಾವ ಔಷಧವೂ ಇಲ್ಲ. ದಿನಾ ಹತ್ತಾರು ಜನ ಬೆವರಿನಲ್ಲಿ ಕೂರುವ ಬಾಡಿಗೆ ಗಾಡಿಗೆ ದಪ್ಪ ಪಿವಿಸಿ ರೆಕ್ಸಿನ್ನೇ ವಾಸಿ ಅನ್ನುತ್ತಾರೆ ಭಾಯ್. ಹೊಲಿಸುವ ಮೊದಲು ತುಂಡಿನ ಕತ್ತರಿಸಿದ ಅಂಚು ನೋಡಿ, ಯಾವುದು ಅಂತ ಬಾಯಿಬಿಟ್ಟು ಕೇಳಿ.

ಸೀಳು ಬೆರಳುದ್ದ ಇರುವಾಗಲೇ ತೋರಿಸಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಹೊಲಿಗೆ ಬಿಚ್ಚಿ, ಸೀಳಿನ ಹಿಂದೆ ಗಟ್ಟಿ ಬಟ್ಟೆ ಇಟ್ಟು, ಒಣಗಿದ ಮೇಲೂ ಬಾಗುವ ಅಂಟು ಹಚ್ಚಿ ಕೂರಿಸುತ್ತಿದ್ದರಂತೆ. ಅರ್ಧ ಗಂಟೆ ಕೆಲಸ. ಚಿಟಿಕೆ ಹೊಡೆಯುವುದರೊಳಗೆ ಅಂಟುವ ಗಮ್ ಹಾಕಿದರೆ ಅದು ಕಲ್ಲಿನಂತೆ ಗಟ್ಟಿಯಾಗಿ, ಅದರ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ಅಪ್ಪ ತಲೆ ತಗ್ಗಿಸಿದರು. ಆರು ತಿಂಗಳ ಹಿಂದೆ ಅವರು ಸದ್ದಿಲ್ಲದೆ ಹಾಕಿದ್ದು ಅದೇ ಗಮ್ಮು. ಅಜ್ಜಿಯ ಕೈ ಗೀರಿದ್ದು ಗಮ್ಮು ಗಟ್ಟಿಯಾದ ಆ ಅಂಚೇ.

ನಾನು ಎಣ್ಣೆ ಹಚ್ಚಿದ್ದು ಪ್ರೀತಿಯಿಂದ. ಅಪ್ಪ ಗಮ್ಮು ಹಾಕಿದ್ದು ಸಾಲದ ಕಂತಿನ ಭಯದಿಂದ. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ, ಗೊತ್ತಿದ್ದವರನ್ನು ಕೇಳಿರಲಿಲ್ಲ. ಸೀಟು ಹೊಳೆಯುತ್ತಿತ್ತು, ಹಾಗಾಗಿ ಚೆನ್ನಾಗಿದೆ ಅಂದುಕೊಂಡಿದ್ದೆವು.

ಎಲ್ಲ ಸೀಟೂ ಬದಲಿಸಲು ದುಡ್ಡಿರಲಿಲ್ಲ. ನಡುವಿನ ಸೀಟನ್ನು ಪೂರ್ತಿ ಬಿಚ್ಚಿಸಿ, ಸ್ಪಂಜು ತುಂಬಿಸಿ, ಹೊಸ ರೆಕ್ಸಿನ್ ಹೊಲಿಸಿದೆವು. 2,600 ರೂಪಾಯಿ ಆಯಿತು. ನನ್ನ ಮೊದಲ ಲೇಖನಗಳ ಸಂಭಾವನೆ ಅದಕ್ಕೇ ಹೋಯಿತು. ಅಂಚಿಗೆ ಹೊಲಿಗೆ ಬರದ ಹಾಗೆ, ಒಂದೇ ತುಂಡನ್ನು ಕೆಳಕ್ಕೆ ಮಡಚಿ ಹೊಲಿದುಕೊಟ್ಟರು ಭಾಯ್. "ವಯಸ್ಸಾದವರು ಅಂಚು ಹಿಡಿದೇ ಇಳಿಯೋದು" ಅಂದರು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ.

ಅಪ್ಪ ಗಾಡಿ ತೆಗೆದುಕೊಂಡು ಅಜ್ಜಿಯ ಮನೆ ಮುಂದೆ ನಿಲ್ಲಿಸಿ, ಬಾಗಿಲು ತೆಗೆದು, "ಒಂದ್ಸಲ ನೋಡವ್ವ" ಅಂದರು. ಬಾಡಿಗೆಗೆ ಬನ್ನಿ ಅಂತ ಕೇಳಲಿಲ್ಲ. ಎರಡು ವಾರದ ಮೇಲೆ ಅಜ್ಜಿಯ ಮಗನೇ ಫೋನ್ ಮಾಡಿದ.

ಅಜ್ಜಿ ಈಗ ಗಾಡಿ ಹತ್ತುವ ಮೊದಲು ಸೀಟಿನ ಅಂಚನ್ನು ಅಂಗೈಯಲ್ಲಿ ಒಂದು ಸಲ ಸವರಿ ನೋಡುತ್ತಾರೆ. ಮೊದಲ ದಿನ ಅದನ್ನು ಕಂಡು ನನಗೆ ಮುಖ ಎತ್ತಲಾಗಲಿಲ್ಲ. ಈಗ ಊರಲ್ಲಿದ್ದಾಗ ದಿನಾ ಬೆಳಿಗ್ಗೆ ಗಾಡಿ ಒರೆಸುವಾಗ ನಾನೂ ಹಾಗೇ ಸವರಿ ನೋಡುತ್ತೇನೆ. ಎಲ್ಲಿ ಗಡುಸಾಗಿದೆ, ಎಲ್ಲಿ ದಾರ ಎದ್ದಿದೆ ಅನ್ನುವುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ನಿಮ್ಮ ಮನೆಯಲ್ಲೂ ಗಾಡಿ ಇದ್ದರೆ, ಆಟೊ ಇರಲಿ, ಟ್ರ್ಯಾಕ್ಟರ್ ಇರಲಿ, ಬೈಕೇ ಇರಲಿ, ಇವತ್ತು ಸಂಜೆ ಸೀಟನ್ನು ಒಂದು ಸಲ ಸವರಿ ನೋಡಿ. ಕೊಬ್ಬರಿ ಎಣ್ಣೆ ಅಡುಗೆಮನೆಯಲ್ಲೇ ಇರಲಿ.